ಉಣ್ಣದ ಮಕ್ಕಳ ಕಥೆಗಳು

ಮನೆಯಲ್ಲಿ ಅನ್ನಕ್ಕೆ ಕೊರತೆಯಿಲ್ಲದೆ, ಅಕ್ಕರೆಯಿಂದ ಬಡಿಸುವವರಿಗೂ ಕೊರತೆಯಿಲ್ಲದೆ, ಎದುರಿಗಿಟ್ಟ ಊಟವನ್ನು ಮಾತ್ರ ಶತ್ರುವೆಂಬಂತೆ ಕಂಡು, ದಿನದಿನಕ್ಕೆ ಕೃಶಳಾಗುತ್ತ, ಆ ಕಾರ್ಶ್ಯದಲ್ಲಿಯೇ ತನ್ನ ಬಾಳಿನ ಏಕಮಾತ್ರ ಸಾಧನೆಯನ್ನು ಕಾಣುವ ಹದಿನೈದು ಹದಿನಾರರ ಬಾಲಿಕೆಯೊಬ್ಬಳು ಕಾದಂಬರಿಯ ನಾಯಕಿಯಾದಾಳೆಂದು ನಮ್ಮ ಹಿರಿಯರಾರೂ ಊಹಿಸಿರಲಾರರು. ಅಮೆರಿಕದಲ್ಲಿ ಹದಿಹರೆಯದ ಓದುಗರಿಗಾಗಿ ರಚಿತವಾಗುವ ಕಥಾಸಾಹಿತ್ಯದಲ್ಲಿ ಇಂಥ ನಾಯಕಿಯರ ಒಂದು ಪರಂಪರೆಯೇ ಬೆಳೆದು ಬಂದಿದೆ. ವೈದ್ಯಶಾಸ್ತ್ರವು ಈ ವ್ಯಾಧಿಯನ್ನು ಬಹು ಹಿಂದೆಯೇ ಗುರುತಿಸಿತ್ತು. 1873ರಲ್ಲಿ ಪ್ಯಾರಿಸ್ಸಿನ ಲಾಸೇಗ್ ಅವರೂ ಲಂಡನ್ನಿನ ವಿಲಿಯಂ ಗಲ್ ಅವರೂ ಬೇರೆಬೇರೆಯಾಗಿ ಇದನ್ನು ವರ್ಣಿಸಿದರು. ಅನೊರೆಕ್ಸಿಯಾ ನರ್ವೋಸಾ ಎಂಬುದು ಗಲ್ ಅವರು ಕೊಟ್ಟ ಹೆಸರು. ಮಿತಿಮೀರಿ ತಿಂದು, ಆ ಬಳಿಕ ನಾಚಿಕೆಯಿಂದಲೂ ಭಯದಿಂದಲೂ ಅದನ್ನು ಹೊರಹಾಕುವ ಬುಲಿಮಿಯಾ ಎಂಬ ಸೋದರವ್ಯಾಧಿಯನ್ನು ಜೆರಾಲ್ಡ್ ರಸೆಲ್ ಅವರು ವಿವರಿಸಿದುದು 1979ರಲ್ಲಿ. ಏಕಾದಶಿಯ ನಿರಾಹಾರವನ್ನು ಬಲ್ಲ ನಾವು ಇದನ್ನೂ ಒಂದು ಬಗೆಯ ಹಟದ ಉಪವಾಸವೆಂದು ಭಾವಿಸಿಬಿಡುವ ಅಪಾಯವುಂಟು. ವ್ರತಕ್ಕೆ ದ್ವಾದಶಿಯ ಪಾರಣೆಯೆಂಬುದೊಂದಿದೆ. ಈ ವ್ಯಾಧಿಯು ತಾನಾಗಿ ಪಾರಣೆಯನ್ನು ಬಯಸುವುದಿಲ್ಲ.

ಈ ವಸ್ತುವನ್ನು ಜನಪ್ರಿಯಗೊಳಿಸಿದ ಮೊದಲ ಕೃತಿಗಳಲ್ಲಿ ಒಂದೆಂದರೆ 1978ರಲ್ಲಿ ಪ್ರಕಟವಾದ ‘ದಿ ಬೆಸ್ಟ್ ಲಿಟ್ಲ್ ಗರ್ಲ್ ಇನ್ ದಿ ವರ್ಲ್ಡ್’. ಬರೆದವರು ಸ್ಟೀವನ್ ಲೆವೆನ್‌ಕ್ರಾನ್ ಎಂಬ ಮನಶ್ಚಿಕಿತ್ಸಕರು. ನೃತ್ಯಾಭ್ಯಾಸಿಯಾದ ಫ್ರಾನ್ಸೆಸ್ಕಾ ಎಂಬ ವಿಧೇಯಳಾದ ಬಾಲಿಕೆ ತನಗೆ ತಾನೇ ಕೆಸ್ಸಾ ಎಂಬ ಹೊಸ ಹೆಸರನ್ನಿಟ್ಟುಕೊಂಡು, ಆ ಕೆಸ್ಸಾಳ ಕಠೋರ ಶಾಸನಕ್ಕೆ ತನ್ನ ದೇಹವನ್ನು ಒಪ್ಪಿಸಿಬಿಡುವ ಕಥೆಯದು. ವ್ಯಾಧಿಯ ಲಕ್ಷಣಗಳನ್ನು ತಾಯ್ತಂದೆಯರಿಗೂ ಓದುಗರಿಗೂ ಪರಿಚಯಿಸಿದ ಉಪಕಾರ ಅದರದು. ಆದರೆ ಮಾರ್ಯಾ ಹಾರ್ನ್‌ಬಾಕರ್ ಅವರು 1998ರಲ್ಲಿ ಪ್ರಕಟಿಸಿದ ‘ವೇಸ್ಟೆಡ್’ ಎಂಬ ಆತ್ಮಕಥನದಲ್ಲಿ, ಬಾಲ್ಯದಲ್ಲಿ ಆ ಕಾದಂಬರಿಯನ್ನು ಓದಿ ತಾನೂ ಅದರ ನಾಯಕಿಯಂತೆಯೇ ಆಗಬೇಕೆಂದು ಹಂಬಲಿಸಿದುದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಎಚ್ಚರಿಸಲೆಂದು ಬರೆದುದು ಆಹ್ವಾನವಾಗಿ ಕೇಳಿಸಿತು. ಈ ಇಡೀ ಸಾಹಿತ್ಯಪ್ರಕಾರದ ಧರ್ಮಸಂಕಟವೆಲ್ಲ ಇಷ್ಟರಲ್ಲಿಯೇ ಇದೆ: ರೋಗವನ್ನು ಯಥಾವತ್ತಾಗಿ ಚಿತ್ರಿಸದಿದ್ದರೆ ಕಥೆ ಸುಳ್ಳಾಗುತ್ತದೆ, ಚಿತ್ರಿಸಿದರೆ, ಆಗಲೇ ಆ ಹಾದಿಯ ಬಾಗಿಲಲ್ಲಿ ನಿಂತಿರುವ ಮಗುವಿಗೆ ಅದೇ ಪಠ್ಯವಾಗಬಹುದು.

ಈ ಸಂಕಟವನ್ನು ಸಂಪೂರ್ಣವಾಗಿ ಅರಿತು ಬರೆದವರಲ್ಲಿ ಲಾರಿ ಹಾಲ್ಸ್ ಆಂಡರ್ಸನ್ ಅವರು ಅಗ್ರಗಣ್ಯರೆಂದು ನನ್ನ ಎಣಿಕೆ. ಅವರ ‘ವಿಂಟರ್‌ಗರ್ಲ್ಸ್’ 2009ರಲ್ಲಿ ಹೊರಬಂದಿತು. ಲಿಯಾ, ಕ್ಯಾಸಿ ಎಂಬ ಗೆಳತಿಯರಿಬ್ಬರು ಯಾರು ಹೆಚ್ಚು ಕೃಶರೆಂದು ಸ್ಪರ್ಧೆಗಿಳಿದವರು. ಕಥೆ ಆರಂಭವಾಗುವ ಹೊತ್ತಿಗೆ ಕ್ಯಾಸಿ ಒಂದು ಮೋಟೆಲಿನ ಕೊಠಡಿಯಲ್ಲಿ ಏಕಾಕಿನಿಯಾಗಿ ಸತ್ತುಹೋಗಿದ್ದಾಳೆ. ಸಾಯುವ ಮುನ್ನ ಆಕೆ ಲಿಯಾಳಿಗೆ 33 ಬಾರಿ ಫೋನು ಮಾಡಿದ್ದಳು. ಲಿಯಾ ಒಂದು ಬಾರಿಯೂ ಎತ್ತಿರಲಿಲ್ಲ. ಸತ್ತ ಗೆಳತಿ ಪ್ರೇತವಾಗಿ ಬಂದು ಹಾಸಿಗೆಯ ಬಳಿ ನಿಂತು ಕರೆಯುವುದು ಹೊರಗಿನ ಕಥೆಯಾದರೆ, ಒಳಗಿನ ಕಥೆಯನ್ನು ಹೇಳಲು ಲೇಖಕಿ ಬಳಸಿಕೊಂಡಿರುವುದು ಅಚ್ಚಿನ ಅಕ್ಷರವನ್ನೇ. ಲಿಯಾಳ ಮನಸ್ಸು ಸಹಜವಾಗಿ ಆಡಿದ ಮಾತು, ಬೇಕು ಎಂಬ ಮಾತು, ಹಸಿವಿನ ಮಾತು, ಪುಟದ ಮೇಲೆ ಅಡ್ಡಗೆರೆ ಎಳೆದು ಹೊಡೆದುಹಾಕಿದಂತೆ ಅಚ್ಚಾಗಿರುತ್ತದೆ. ಅದರ ಬೆನ್ನಿಗೇ, ವ್ಯಾಧಿಯು ಕಲಿಸಿಕೊಟ್ಟ ಬೇಡವೆಂಬ ಮಾತು ಶುಭ್ರವಾಗಿ ನಿಲ್ಲುತ್ತದೆ. ಹಸಿವು ಸತ್ತಿಲ್ಲ, ಪ್ರತಿ ವಾಕ್ಯದಲ್ಲಿಯೂ ಅದರ ಕತ್ತನ್ನು ಹಿಸುಕಲಾಗುತ್ತಿದೆ ಎಂಬುದನ್ನು ಯಾವ ವೈದ್ಯಗ್ರಂಥವೂ ಇಷ್ಟು ನೇರವಾಗಿ ಕಣ್ಣಿಗೆ ಕಾಣಿಸಿದುದನ್ನು ನಾನರಿಯೆ.

ಆದರೆ ಅದೇ ಪುಟಗಳಲ್ಲಿ ಪ್ರತಿಯೊಂದು ತಿನಿಸಿನ ಮುಂದೆಯೂ ಆವರಣಚಿಹ್ನೆಯೊಳಗೆ ಅದರ ಕ್ಯಾಲೊರಿಯ ಲೆಕ್ಕವಿದೆ. ಪುಸ್ತಕವು ರೋಗಿಗಳ ಕೈಗೆ ಸೇರಿದರೆ ಕೇಡಾದೀತೆಂಬ ಆತಂಕ ಹುಟ್ಟಿದುದು ಇದರಿಂದಲೇ. ಆತಂಕ ನಿರಾಧಾರವಲ್ಲ. ಸಂಖ್ಯೆ ಈ ರೋಗಕ್ಕೆ ಪ್ರಿಯವಾದ ಆಹಾರ. ಆ ಕಾರಣದಿಂದಲೇ ತೂಕದ, ಕ್ಯಾಲೊರಿಯ ಒಂದು ಅಂಕಿಯನ್ನೂ ಈ ಲೇಖನದಲ್ಲಿ ನಾನು ಬರೆದಿಲ್ಲ. ಹಾಗಿದ್ದರೂ ಆಂಡರ್ಸನ್ ಅವರ ಪಕ್ಷದಲ್ಲಿ ಹೇಳಬೇಕಾದ ಮಾತೊಂದುಂಟು. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ, 1944-45ರಲ್ಲಿ, ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಅವರು, ಯುದ್ಧಕ್ಕೆ ಹೋಗಲು ಆತ್ಮಸಾಕ್ಷಿಯೊಪ್ಪದ 36 ಮಂದಿ ಆರೋಗ್ಯವಂತ ತರುಣರನ್ನು, ಅವರ ಸಮ್ಮತಿಯಿಂದಲೇ, ಸುಮಾರು ಆರು ತಿಂಗಳ ಕಾಲ ಅರೆಹೊಟ್ಟೆಯಲ್ಲಿರಿಸಿ ಪರೀಕ್ಷಿಸಿದರು. ದೃಢಚಿತ್ತರಾಗಿದ್ದ ಆ ಯುವಕರು ಕ್ರಮೇಣ ಗೆಳೆತನ, ವಿನೋದ, ಪ್ರಣಯಗಳೆಲ್ಲವನ್ನೂ ಮರೆತು, ಪಾಕಶಾಸ್ತ್ರದ ಪುಸ್ತಕಗಳನ್ನು ತಿರುವಿಹಾಕುತ್ತ, ತಟ್ಟೆಯ ಮುಂದೆ ಬಹುಕಾಲ ಕುಳಿತು, ಆಹಾರವನ್ನೇ ಧ್ಯಾನಿಸತೊಡಗಿದರು. ಉಪವಾಸದಿಂದ ಮನಸ್ಸೇ ಕುಗ್ಗಿ ಒಂದೇ ಬಿಂದುವಿನ ಸುತ್ತ ಗಾಣದೆತ್ತಿನಂತೆ ತಿರುಗುವುದು ದೇಹಧರ್ಮವೆಂದು ಅದರಿಂದ ತಿಳಿದುಬಂದಿತು. ಲಿಯಾಳ ಲೆಕ್ಕಗಳ ಏಕತಾನತೆ ಓದುಗನನ್ನು ಬಳಲಿಸುತ್ತದೆ, ಬಳಲಿಸಲೇಬೇಕು. ಪುಟ್ಟ ಮಲತಂಗಿ ಎಮ್ಮಳ ಮೇಲಣ ಪ್ರೀತಿಯೊಂದನ್ನುಳಿದು ಮಿಕ್ಕೆಲ್ಲವನ್ನೂ ಆ ಲೆಕ್ಕ ಕಬಳಿಸುತ್ತಿರುವುದನ್ನು ಕಂಡ ಓದುಗ, ಕೆಸ್ಸಾಳನ್ನು ಕಂಡು ಅಸೂಯೆಪಟ್ಟಂತೆ ಲಿಯಾಳನ್ನು ಕಂಡು ಅಸೂಯೆಪಡುವುದು ಕಷ್ಟ.

ಇದು ಹುಡುಗಿಯರ ರೋಗವೆಂಬ ನಂಬಿಕೆ ಬಹುಕಾಲ ಕಥೆಗಾರರನ್ನೂ ಆಳಿತು. ಲೋಯಿಸ್ ಮೆಟ್ಸ್‌ಗರ್ ಅವರ ‘ಎ ಟ್ರಿಕ್ ಆಫ್ ದಿ ಲೈಟ್’ (2013) ಹುಡುಗನೊಬ್ಬನ ಕಥೆ. ಅದನ್ನು ನಿರೂಪಿಸುವುದು ಹುಡುಗನಲ್ಲ, ಹಿತೈಷಿಯ ದನಿಯಲ್ಲಿ ಅವನ ಕಿವಿಯೊಳಗೆ ಮಾತನಾಡುವ ವ್ಯಾಧಿಯೇ. ತಾವೇ ಹದಿಹರೆಯದಲ್ಲಿ ಈ ವೇದನೆಯನ್ನುಂಡ ಸ್ಯಾಮ್ ಮಿಲ್ಲರ್ ಅವರ ‘ದಿ ಆರ್ಟ್ ಆಫ್ ಸ್ಟಾರ್ವಿಂಗ್’ (2017) ಹಸಿವಿನಿಂದ ತನಗೆ ಅಲೌಕಿಕ ಶಕ್ತಿ ದೊರೆಯಿತೆಂದು ನಂಬುವ ಬಾಲಕನದು.

ಈ ಕಾದಂಬರಿಗಳ ಬಗ್ಗೆ ನನಗಿರುವ ಅಸಮಾಧಾನ ತಾಯ್ತಂದೆಯರ ವಿಷಯದ್ದು. ಲಿಯಾಳ ತಾಯಿ ಹೃದಯದ ವೈದ್ಯೆ, ತಂದೆ ಇತಿಹಾಸದ ಪ್ರಾಧ್ಯಾಪಕ. ಇಬ್ಬರೂ ಬೇರೆಯಾದವರು, ತಂತಮ್ಮ ಕಾರ್ಯಗಳಲ್ಲಿ ಮುಳುಗಿದವರು. ಮಗಳನ್ನು ಕಣ್ಣಾರೆ ಕಾಣುತ್ತಿದ್ದರೂ ಕಾಣದವರು. ಕಥೆಗೆ ಇದು ಅನುಕೂಲ. ಚಿಕಿತ್ಸೆಯ ಇತಿಹಾಸ ಮಾತ್ರ ಬೇರೆಯ ದಿಕ್ಕಿಗೆ ನಡೆದಿದೆ. ಬುಲಿಮಿಯಾವನ್ನು ವಿವರಿಸಿದ ಅದೇ ರಸೆಲ್ ಅವರೂ ಅವರ ಸಹೋದ್ಯೋಗಿಗಳೂ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ನಡೆಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಳೆಯ ವಯಸ್ಸಿನಲ್ಲಿ ಅನೊರೆಕ್ಸಿಯಾಕ್ಕೆ ತುತ್ತಾಗಿ, ರೋಗ ಬೇರೂರುವ ಮೊದಲೇ ಬಂದ ಮಕ್ಕಳಿಗೆ, ಒಂಟಿಯಾಗಿ ನಡೆಸುವ ಚಿಕಿತ್ಸೆಗಿಂತ ಕುಟುಂಬವನ್ನೊಳಗೊಂಡ ಚಿಕಿತ್ಸೆಯೇ ಹೆಚ್ಚು ಫಲಕಾರಿಯೆಂದು ಕಂಡುಬಂದಿತು. ಅಲ್ಲಿ ಬೆಳೆದುಬಂದ ಪದ್ಧತಿಯಲ್ಲಿ ತಂದೆತಾಯಿಯರನ್ನು ದೂಷಿಸುವುದಿಲ್ಲ. ಮಗುವಿನ ಪ್ರತಿಯೊಂದು ಊಟದ ಹೊಣೆಯನ್ನು ಮೊದಮೊದಲು ಅವರಿಗೇ ಒಪ್ಪಿಸಿ, ಆರೋಗ್ಯ ಮರಳಿದಂತೆ ಸ್ವಲ್ಪಸ್ವಲ್ಪವಾಗಿ ಅದನ್ನು ಮಗುವಿನ ಕೈಗೇ ಹಿಂತಿರುಗಿಸುತ್ತಾರೆ.

ಮುನಿಸು, ಕಣ್ಣೀರು, ಸುಳ್ಳು, ಎಸೆದ ತಟ್ಟೆ, ಮತ್ತೆ ಬಡಿಸಿದ ತಟ್ಟೆ, ಹೀಗೆ ದಿನಕ್ಕೆ ಹಲವು ಬಾರಿ, ತಿಂಗಳುಗಟ್ಟಲೆ ನಡೆಯುವ ಆ ಕಾದಾಟಕ್ಕಿಂತ ಮಿಗಿಲಾದ ನಾಟಕೀಯ ವಸ್ತು ಕಾದಂಬರಿಕಾರನಿಗೆ ಬೇರೇನು ಬೇಕು? ಮೆಗ್ ಹೇಸ್ಟನ್ ಅವರ ‘ಪೇಪರ್‌ವೇಟ್’ (2015), ಅಲೆಕ್ಸಾಂಡ್ರಾ ಬಲಾರ್ಡ್ ಅವರ ‘ವಾಟ್ ಐ ಲಾಸ್ಟ್’ (2017) ನಮ್ಮನ್ನು ಚಿಕಿತ್ಸಾಲಯದೊಳಕ್ಕಾದರೂ ಕರೆದೊಯ್ಯುತ್ತವೆ. ಮನೆಯ ಊಟದ ಮೇಜಿನ ಬಳಿ ತಾಯಿಯೂ ಮಗಳೂ ಎದುರುಬದುರಾಗಿ ಕುಳಿತ ಆ ತಿಂಗಳುಗಳನ್ನೇ ಮೊದಲಿನಿಂದ ಕೊನೆಯವರೆಗೆ ಕಥೆಯಾಗಿಸಿದ ಕೃತಿ ನನ್ನ ಓದಿಗೆ ಇನ್ನೂ ಬಂದಿಲ್ಲ, ಬಂದ ದಿನ ಅದನ್ನು ನನ್ನ ಪರಿಚಯದ ತಾಯ್ತಂದೆಯರಿಗೆಲ್ಲ ನಾನೇ ಕೊಂಡು ಕೊಟ್ಟೇನು.