ಅರ್ಥವಾಗದ ಕಾದಂಬರಿಗೆ ನೇರ ನುಡಿ

ಯಥಾರ್ಥವಾದಿ ಲೋಕವಿರೋಧಿ ಎಂಬುದು ಹಳೆಯ ಮಾತು. ಆಪ್ತ ಲೇಖಕರು ಹಸ್ತಪ್ರತಿ ಕೊಟ್ಟು ಅಭಿಪ್ರಾಯ ಕೇಳಿದಾಗ ಅದರ ಬಿಸಿ ಚೆನ್ನಾಗಿ ತಟ್ಟುತ್ತದೆ.

ಐರ್ಲೆಂಡಿನ ಜೇಮ್ಸ್ ಜಾಯ್ಸ್ 1922ರಲ್ಲಿ ‘ಯುಲಿಸಿಸ್’ ಪ್ರಕಟಿಸಿದ ಬಳಿಕ, ಹಲವು ಭಾಷೆಗಳ ಪದಗಳನ್ನು ಬೆಸೆದು, ಶ್ಲೇಷೆಯ ಮೇಲೆ ಶ್ಲೇಷೆ ಹೇರಿ ಹೊಸ ಕಾದಂಬರಿಯೊಂದನ್ನು ಬರೆಯತೊಡಗಿದರು. ಅದರ ಭಾಗವೊಂದನ್ನು ಓದಿದ ಕವಿ ಎಜ್ರಾ ಪೌಂಡ್, ತಮಗೇನೂ ತಿಳಿಯಲಿಲ್ಲವೆಂದು 1926ರಲ್ಲಿ ಬರೆದುಬಿಟ್ಟರು. ‘ಈಗೋಯಿಸ್ಟ್’ ಪತ್ರಿಕೆಯ ಸಂಪಾದಕಿಯಾಗಿದ್ದ ಹ್ಯಾರಿಯೆಟ್ ಶಾ ವೀವರ್ ವರ್ಷಗಳಿಂದ ಹಣ ಕೊಟ್ಟು ಜಾಯ್ಸ್ ಅವರನ್ನು ಪೋಷಿಸುತ್ತಿದ್ದವರು. ಪ್ರತಿಭೆ ವ್ಯರ್ಥವಾಗುತ್ತಿದೆಯೆಂಬ ಆತಂಕವನ್ನು ಅವರೂ 1927ರಲ್ಲಿ ಮುಚ್ಚಿಡಲಿಲ್ಲ.

ಜಾಯ್ಸ್ ಬಹಳ ನೊಂದರು. ಉಳಿದ ಭಾಗವನ್ನು ಬೇರೊಬ್ಬ ಲೇಖಕರಿಂದ ಬರೆಸುವ ಯೋಚನೆಯನ್ನೂ ಮಾಡಿದರು. ಕೊನೆಗೆ ತಾವೇ ಪಟ್ಟುಹಿಡಿದು ಮುಗಿಸಿದರು. 1939ರಲ್ಲಿ ಅದು ‘ಫಿನೆಗನ್ಸ್ ವೇಕ್’ ಆಗಿ ಹೊರಬಂತು. ಇಂದಿಗೂ ವಿದ್ವಾಂಸರು ಅದರ ಅರ್ಥ ಬಿಡಿಸುತ್ತಲೇ ಇದ್ದಾರೆ.

ಹಾಗಾದರೆ ವೀವರ್ ಹೇಳಿದ್ದು ತಪ್ಪೇ? ಅಲ್ಲ. ‘ಅರ್ಥವಾಗಲಿಲ್ಲ’ ಎಂಬುದು ಓದುಗನ ಸಾಕ್ಷ್ಯ, ಕೃತಿಯ ಮೇಲಿನ ತೀರ್ಪಲ್ಲ. ಸಾಕ್ಷ್ಯ ಪ್ರಾಮಾಣಿಕವಾಗಿರಬೇಕು, ತಿದ್ದುವುದೂ ಬಿಡುವುದೂ ಲೇಖಕನಿಗೆ ಸೇರಿದ್ದು. ವೀವರ್ ಕೃತಿಯನ್ನು ಒಪ್ಪದಿದ್ದರೂ ನೆರವು ನಿಲ್ಲಿಸಲಿಲ್ಲ. 1941ರಲ್ಲಿ ಜ್ಯೂರಿಕ್‌ನಲ್ಲಿ ಜಾಯ್ಸ್ ತೀರಿಕೊಂಡಾಗ ಅಂತ್ಯಕ್ರಿಯೆಯ ವೆಚ್ಚ ಕೊಟ್ಟವರೂ ಅವರೇ.