ಐದನೇ ತಾರೀಖಿನ ಲೆಕ್ಕ

ಸರಕಾರಿ ಕೆಲಸ ಸಿಕ್ಕಿದರೆ ಮುಪ್ಪಿನ ಚಿಂತೆಯಿಲ್ಲ ಎಂಬ ಮಾತು ಕಾಸರಗೋಡಿನಲ್ಲಿ ಹಳೆಯದು. ಆದರೆ 2013ರ ಏಪ್ರಿಲ್ 1ರಿಂದ ಕೇರಳ ಸರಕಾರದ ಸೇವೆಗೆ ಸೇರಿದವರನ್ನು ಪಾಲುದಾರಿಕೆ ಪಿಂಚಣಿಗೆ ಒಳಪಡಿಸಲಾಯಿತು. ಆ ಪದ್ಧತಿಯಲ್ಲಿ ಪಿಂಚಣಿಗೆ ಆಧಾರ ಕೊನೆಯ ಸಂಬಳವಲ್ಲ, ಕೂಡಿಬಿದ್ದ ಹಣ. ಹಾಗಾಗಿ ಸ್ವಂತ ಉಳಿತಾಯವೂ ಬೇಕು.

ಅಂಚೆ ಕಚೇರಿಯ ಪಿಪಿಎಫ್ ಖಾತೆ ಇದಕ್ಕೊಂದು ದಾರಿ. ಅವಧಿ 15 ವರ್ಷ. ತಿಂಗಳಿಗೆ 2,000 ರೂಪಾಯಿ ಕಟ್ಟಿದರೆ ಅಸಲು 3 ಲಕ್ಷ 60 ಸಾವಿರ. ಬಡ್ಡಿ ಶೇಕಡಾ 7.1 ಎಂದು ಹಿಡಿದರೆ ಕೊನೆಗೆ ಕೈಗೆ ಬರುವುದು ಸುಮಾರು 6 ಲಕ್ಷ 31 ಸಾವಿರ. ಈ ದರ ಆಗಾಗ ಬದಲಾಗಬಹುದು.

ಒಂದು ಮಾತು ನೆನಪಿರಲಿ: 5ನೇ ತಾರೀಖು ದಾಟಿ ಕಟ್ಟಿದ ಹಣಕ್ಕೆ ಆ ತಿಂಗಳ ಬಡ್ಡಿ ಇಲ್ಲ. ಸಂಬಳ ಬಂದ ಕೂಡಲೇ ಮೊದಲು ಅಂಚೆ ಕಚೇರಿ, ಆಮೇಲೆ ಅಂಗಡಿ. 44ರೊಳಗೆ ಆರಂಭಿಸಿದರೆ 60ರ ಹೊತ್ತಿಗೆ ಗಂಟು ಕೈಸೇರುತ್ತದೆ.