ಕೀಮೋ ಬಿಲ್ಲಿನಲ್ಲಿ ಬಿಳಿಕಣದ ಇಂಜೆಕ್ಷನ್ ಏಕೆ?



ಕೊಚ್ಚಿಯ ಆಸ್ಪತ್ರೆಗಳಿಂದ, ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದಿಂದ ನಮ್ಮ ನೆರವು ನಿಧಿಗೆ ಬರುವ ಬಿಲ್ಲುಗಳಲ್ಲಿ ‘ಫಿಲ್‌ಗ್ರಾಸ್ಟಿಮ್’ ಎಂಬ ಹೆಸರು ಮತ್ತೆ ಮತ್ತೆ ಕಾಣುತ್ತದೆ. “ಇದು ಕ್ಯಾನ್ಸರಿನ ಮದ್ದಲ್ಲವಂತೆ, ಟಾನಿಕ್ಕಿಗೂ ನಾವು ದುಡ್ಡು ಕೊಡಬೇಕೇ?” ಎಂದು ಕೆಲವರು ಕೇಳಿದ್ದಾರೆ. ಬಿಲ್ಲು ನೋಡುವ ಕೆಲಸ ನನ್ನದಾದ್ದರಿಂದ ಉತ್ತರವನ್ನೂ ನಾನೇ ಕೊಡುತ್ತೇನೆ. ಇದು ಟಾನಿಕ್ ಅಲ್ಲ.

ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳು ಬೇಕಾದಷ್ಟು ಬೆಳೆಯಲು ಸೂಚನೆ ಬೇಕು. ಆ ಸೂಚನೆ ಒಯ್ಯುವ ಪುಟ್ಟ ಪ್ರೋಟೀನುಗಳೇ ಸೈಟೊಕೈನ್‌ಗಳು. ಕಣದ ಮೈಮೇಲೆ ಅದಕ್ಕೆ ಹೊಂದುವ ರಿಸೆಪ್ಟರ್ ಇದ್ದರೆ ಮಾತ್ರ ಸೂಚನೆ ಒಳಗೆ ತಲುಪುತ್ತದೆ. ಮದುವೆ ಮನೆಯಲ್ಲಿ ಹೆಸರು ಹಿಡಿದು ಕರೆದರೆ ಆ ಹೆಸರಿನವರಷ್ಟೇ ಎದ್ದು ಬರುವುದಿಲ್ಲವೇ, ಹಾಗೆ.

ನ್ಯೂಟ್ರೋಫಿಲ್ ಎಂಬ ಬಿಳಿಕಣಗಳನ್ನು ಕರೆಯುವ ಸೈಟೊಕೈನ್‌ನ ಹೆಸರು ಜಿ-ಸಿಎಸ್‌ಎಫ್. ಅದು ತಾಗಿದಾಗ ಎರಡು ರಿಸೆಪ್ಟರ್‌ಗಳು ಜೋಡಿಯಾಗುತ್ತವೆ. ಎಲುಬಿನ ಮಜ್ಜೆಯಲ್ಲಿರುವ ಎಳೆಯ ಕಣ ಒಡೆದು ಎರಡಾಗುತ್ತದೆ, ಬಲಿಯುತ್ತದೆ. ಅದನ್ನೇ ಬ್ಯಾಕ್ಟೀರಿಯಾಗಳಿಂದ ಮಾಡಿಸಿಕೊಂಡದ್ದು ಫಿಲ್‌ಗ್ರಾಸ್ಟಿಮ್. 1991ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಈ ಮದ್ದು ಈಗ ಭಾರತದಲ್ಲೂ ತಯಾರಾಗುತ್ತದೆ.

ಕೀಮೋ ಮದ್ದು ಬೇಗ ಬೇಗ ಒಡೆಯುವ ಕಣಗಳನ್ನು ಕೊಲ್ಲುತ್ತದೆ. ಅದಕ್ಕೆ ಕ್ಯಾನ್ಸರ್, ಮಜ್ಜೆ ಎಂಬ ಭೇದವಿಲ್ಲ. ನ್ಯೂಟ್ರೋಫಿಲ್‌ಗಳ ಆಯುಸ್ಸು ಚಿಕ್ಕದು, ಹೊಸತು ಹುಟ್ಟದಿದ್ದರೆ ಕೆಲವೇ ದಿನಗಳಲ್ಲಿ ಬರಿದಾಗುತ್ತವೆ. ಒಂದು ಮೈಕ್ರೊಲೀಟರ್ ರಕ್ತದಲ್ಲಿ 500ಕ್ಕಿಂತ ಕಡಿಮೆಯಾದರೆ ಸಣ್ಣ ಸೋಂಕೂ ಪ್ರಾಣಕ್ಕೆ ಬಂದೀತು. ಆಗ ಜ್ವರ ಬಂದರೆ ಮನೆಯಲ್ಲಿ ಮಾತ್ರೆ ನುಂಗಿಸಿ ಕಾಯುವಂತಿಲ್ಲ, ರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು. ಈ ಅಪಾಯದ ದಿನಗಳನ್ನು ಇಂಜೆಕ್ಷನ್ ಕಡಿಮೆ ಮಾಡುತ್ತದೆ.

ಕೀಮೋ ಮುಗಿದು 24 ಗಂಟೆ ಕಳೆಯುವ ಮುನ್ನ ಇದನ್ನು ಕೊಡುವುದಿಲ್ಲ. ಕರೆ ಕೇಳಿ ಒಡೆಯತೊಡಗಿದ ಕಣಗಳೇ ಕೀಮೋಗೆ ಬಲಿಯಾಗುತ್ತವೆ. ಆಮೇಲೆ ಸಾಮಾನ್ಯವಾಗಿ ದಿನಕ್ಕೊಂದರಂತೆ ಹಲವು ದಿನ ಬೇಕು, 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು. ಕಾಸರಗೋಡಿನಿಂದ ಬಂದವರು ತಿರುವನಂತಪುರದಲ್ಲೇ ಕೋಣೆ ಹಿಡಿದು ಉಳಿಯುವುದು ಇದಕ್ಕೂ ಹೌದು. ನಿಧಿಯಿಂದ ಬಾಡಿಗೆಗೂ ಕೊಡುತ್ತಿರುವುದನ್ನು ದಯವಿಟ್ಟು ದುಂದು ಎನ್ನಬೇಡಿ.

ನ್ಯೂಟ್ರೋಫಿಲ್‌ಗಳು ಹೆಚ್ಚಿದಂತೆ ಅವೇ ತಮ್ಮ ರಿಸೆಪ್ಟರ್‌ಗಳಿಂದ ಜಿ-ಸಿಎಸ್‌ಎಫ್ ಅನ್ನು ಹೀರಿಕೊಂಡು ಕರೆಯನ್ನು ತಗ್ಗಿಸುತ್ತವೆ. ದೇಹದ ಈ ಲೆಕ್ಕಾಚಾರ ನನಗೆ ಬಲು ಇಷ್ಟ! ಎಣಿಕೆ ಏರಿದಾಗ ವೈದ್ಯರೂ ಇಂಜೆಕ್ಷನ್ ನಿಲ್ಲಿಸುತ್ತಾರೆ. ಹಾಗಾಗಿ ನಾವು ಮುಂಗಡ ಕೊಡದೆ ಚೀಟಿ ನೋಡಿ ಕೊಡುತ್ತೇವೆ.

ಆದರೆ ಈ ಕರೆಗೆ ಕೆಂಪುಕಣ, ಪ್ಲೇಟ್‌ಲೆಟ್‌ಗಳು ಹೆಚ್ಚುವುದಿಲ್ಲ. ಅವು ಕುಸಿದಾಗ ಇನ್ನೊಬ್ಬರ ರಕ್ತವೇ ಬೇಕಾದೀತು, ಪ್ಲೇಟ್‌ಲೆಟ್‌ಗಳನ್ನು ಐದು ದಿನಕ್ಕಿಂತ ಹೆಚ್ಚು ಇಡಲಾಗದು. ದೇಣಿಗೆಯ ಜೊತೆಗೆ ನಿಮ್ಮ ರಕ್ತದ ಗುಂಪು ಮತ್ತು ಫೋನ್ ನಂಬರನ್ನೂ ಸಂಘದ ಕಚೇರಿಯಲ್ಲಿ ಬರೆಸಿಡಿ.